ಇಲ್ಲದ ಪಾಸ್‌ವರ್ಡ್

“ಗುರುಗಳೇ, ಏನು ಹೇಳಿದರೆ ನನ್ನ ಮೇಲೆ ಮುನಿಸಿಕೊಂಡ ಅಕ್ಕನ ಮನಸ್ಸು ತೆರೆದೀತು?” ಎಂದು ಶಿಷ್ಯ ಗುರುಸಿದ್ಧ ಕೇಳಿದ. “ನೆಂಟರ ಕೈಲಿ ಹೇಳಿ ಕಳಿಸಿದೆ. ಫೋನಿನಲ್ಲಿ ಬರೆದು ಕಳಿಸಿದೆ. ಉತ್ತರವೇ ಇಲ್ಲ. ಈಗ ಅವಳು ಹಾಸಿಗೆ ಹಿಡಿದಿದ್ದಾಳಂತೆ.”

ಗುರುಗಳಿಗೆ ಸಿಟ್ಟು ಬಂತು. “ಮಾತು ಹುಡುಕುತ್ತಾ ಕೂತಿದ್ದೀಯೇನು? ಸರಿ, ಹಾಗೇ ಹುಡುಕುತ್ತಾ ಕೂತವನೊಬ್ಬನ ಕತೆ ಹೇಳುತ್ತೇನೆ, ಕೇಳು” ಎಂದರು.

ಒಂದು ಮನೆಯಲ್ಲಿ ಅಣ್ಣ ತಮ್ಮ ಇದ್ದರು. ಅಣ್ಣ ಕೆಳಗೆ, ತಮ್ಮ ಮಹಡಿಯಲ್ಲಿ. ಇಬ್ಬರಿಗೂ ಒಂದೊಂದು ಕಂಪ್ಯೂಟರ್. ಒಂದರಲ್ಲಿದ್ದದ್ದು ಇನ್ನೊಂದರಲ್ಲೂ ಸಿಗಲೆಂದು ಅಣ್ಣನೇ ಎರಡಕ್ಕೂ ತಂತಿ ಎಳೆಸಿದ್ದ. ಅವರ ತಾಯಿ ಸೋಬಾನೆ ಹಾಡುವುದರಲ್ಲಿ ಹೆಸರಾದವಳು. ಅವಳು ಬಂದು ದನಿ ಎತ್ತದೆ ಆ ಕೇರಿಯಲ್ಲಿ ಮದುವಣಗಿತ್ತಿಗೆ ಅರಿಶಿನ ಹಚ್ಚುತ್ತಿರಲಿಲ್ಲ. ಅವಳ ಹಾಡುಗಳೆಲ್ಲ ಅಣ್ಣನ ಕಂಪ್ಯೂಟರಿನಲ್ಲಿದ್ದವು.

ತಾಯಿ ತೀರಿಕೊಂಡಳು. ಅವಳ ತಿಥಿಯ ದಿನ ತಮ್ಮ ನಾಲಗೆ ಹರಿಬಿಟ್ಟ. ‘ನೀನು ಸರಿಯಾಗಿ ನೋಡಿಕೊಂಡಿದ್ದರೆ ಅಮ್ಮ ಇನ್ನೂ ಇರುತ್ತಿದ್ದಳು’ ಎಂದುಬಿಟ್ಟ, ಅದೂ ಊಟಕ್ಕೆ ಕೂತ ನೆಂಟರ ಎದುರಿಗೆ. ಅಣ್ಣ ಎಲೆ ಬಿಟ್ಟು ಎದ್ದ. ಅಲ್ಲಿಗೆ ಇಬ್ಬರ ಮಾತು ನಿಂತಿತು.

ತಮ್ಮನ ಮಗಳಿಗೆ ಮದುವೆ ಗೊತ್ತಾಯಿತು. ಆ ಹುಡುಗಿಗೆ ಒಂದೇ ಆಸೆ, ಅರಿಶಿನದ ಹೊತ್ತಿಗೆ ಅಜ್ಜಿಯ ಹಾಡು ಕೇಳಬೇಕು. ತಮ್ಮ ತನ್ನ ಕಂಪ್ಯೂಟರಿನಲ್ಲಿ ಹುಡುಕಿದ. ಅಣ್ಣನ ಕಂಪ್ಯೂಟರ್ ಅಲ್ಲಿ ಕಾಣಿಸಿತು. ಅಣ್ಣ ಅದಕ್ಕೆ ‘ಅಮ್ಮನ ಹಾಡು’ ಎಂದು ಹೊಸದಾಗಿ ಹೆಸರಿಟ್ಟಿದ್ದ. ಒತ್ತಿದರೆ ಪಾಸ್‌ವರ್ಡ್ ಕೇಳಿತು.

ತಾಯಿಯ ಹೆಸರು ಹಾಕಿದ. ತಪ್ಪು ಎಂದಿತು. ಅತ್ತಿಗೆಯ ಹೆಸರು, ಮನೆದೇವರ ಹೆಸರು ಹಾಕಿದ. ತನ್ನ ಹೆಸರನ್ನೂ ಹಾಕಿ ನೋಡಿದ. ಕೊನೆಗೆ ಮೈಯುರಿದು ಒಂದು ಬೈಗುಳ ಹಾಕಿದ. ಅದೂ ತಪ್ಪೇ. ‘ತೋರಿಸಿ ಆಟ ಆಡಿಸುತ್ತಾನೆ, ಪಾಪಿ!’ ಎಂದು ಹಲ್ಲು ಕಡಿದ. ‘ನಾನೇ ಹೋಗಿ ದೊಡ್ಡಪ್ಪನನ್ನು ಕೇಳುತ್ತೇನೆ’ ಎಂದ ಮಗಳಿಗೆ, ಕೆಳಗಿಳಿದರೆ ನೋಡು ಎಂದ.

“ಅವನೇ ಒಮ್ಮೆ ಕೆಳಗಿಳಿದು ಕೇಳಬಾರದಿತ್ತೇ?” ಎಂದ ಗುರುಸಿದ್ಧ.

“ಭೇಷ್! ನೀನು ಕೇಳುತ್ತೀಯಲ್ಲ ಈ ಪ್ರಶ್ನೆ” ಎಂದು ಗುರುಗಳು ಕತೆ ಮುಂದುವರಿಸಿದರು.

ಅರಿಶಿನದ ದಿನ ಬಾಡಿಗೆ ಮೈಕಿನಲ್ಲಿ ಯಾವುದೋ ಸಿನಿಮಾ ಹಾಡು ಕಿರುಚಿತು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಮದುವೆಗೆ ಅಣ್ಣ ಬಂದ, ಅಕ್ಷತೆ ಹಾಕಿದ, ಯಾರ ಮುಖವನ್ನೂ ನೋಡದೆ ಹೋದ. ಆಮೇಲೆ ಅವನು ಹೆಚ್ಚು ದಿನ ಉಳಿಯಲಿಲ್ಲ. ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ.

ಹಾರ ಹಾಕಲು ಒಂದು ಫೋಟೋ ಬೇಕಾಗಿತ್ತು. ತಮ್ಮ ಕೆಳಗಿಳಿದು ಅಣ್ಣನ ಕಂಪ್ಯೂಟರಿನ ಮುಂದೆ ಕೂತ. ಗುಂಡಿ ಒತ್ತಿದ. ಏನನ್ನೂ ಕೇಳದೆ ಅದು ತೆರೆದುಕೊಂಡಿತು.

‘ಅತ್ತಿಗೆ, ಅಣ್ಣ ಇದಕ್ಕೆ ಏನು ಪಾಸ್‌ವರ್ಡ್ ಇಟ್ಟಿದ್ದ?’ ಎಂದು ಕೇಳಿದ.

‘ಇಟ್ಟಿದ್ದರೆ ತಾನೇ? ಮನೆಯವರಿಗೆ ಯಾಕೆ ಬೀಗ ಅನ್ನೋರು. ಮಗು ಮದುವೆಗೆ ಇರಲಿ ಅಂತ ಹಾಡನ್ನೆಲ್ಲ ನಿನಗೆ ಸಿಗೋ ಹಾಗೆ ಮಾಡಿಟ್ಟರು. ಮೇಲೆ ಅಮ್ಮನ ದನಿ ಕೇಳುತ್ತಾ ಅಂತ ದಿನಾ ಕಿವಿಗೊಟ್ಟು ಕೂರೋರು. ನೀನು ಹಾಕಲೇ ಇಲ್ಲವಲ್ಲಪ್ಪ. ಅವನಿಗೆ ಅಮ್ಮನ ಹಾಡೂ ಬೇಡವಾಯಿತಲ್ಲ ಅಂತ ಅತ್ತುಬಿಟ್ಟರು ಕಣಪ್ಪ.’

ಆ ಯಂತ್ರದ ಗುಣವೇ ಹಾಗೆ. ಪಾಸ್‌ವರ್ಡ್ ಇಡದ ಕಂಪ್ಯೂಟರ್ ಎದುರು ಬಂದು ಕೂತವನಿಗೆ ಸುಮ್ಮನೆ ತೆರೆದುಕೊಳ್ಳುತ್ತದೆ. ದೂರದಿಂದ ತಂತಿಯ ಮೇಲೆ ಬಂದವನನ್ನು ಮಾತ್ರ ಪಾಸ್‌ವರ್ಡ್ ಕೇಳುತ್ತದೆ. ಅವನು ಏನು ಹೇಳಿದರೂ ತಪ್ಪು ಎನ್ನುತ್ತದೆ. ಇಲ್ಲದ್ದನ್ನು ಅವನು ಎಲ್ಲಿಂದ ತಂದಾನು? ಇದು ಅಣ್ಣನಿಗೆ ಗೊತ್ತಿರಲಿಲ್ಲ, ತಮ್ಮನಿಗೂ ಗೊತ್ತಿರಲಿಲ್ಲ.

ತಮ್ಮ ಅಲ್ಲೇ ಹಾಡು ಹಾಕಿದ. ಸೂತಕದ ಮನೆಯಲ್ಲಿ ಅರಿಶಿನದ ಹಾಡು!

ಗುರುಗಳು ಕತೆ ನಿಲ್ಲಿಸಿದರು. ಗುರುಸಿದ್ಧ ಕಣ್ಣೊರೆಸಿಕೊಂಡು, “ಹಾಗಾದರೆ ಅಕ್ಕನಿಗೆ ಏನೆಂದು ಹೇಳಿ ಕಳಿಸಲಿ, ಗುರುಗಳೇ?” ಎಂದ.

“ಅವಳ ಊರಿನ ಬಸ್ಸು ಹೊರಟೇ ಹೋಯಿತೋ ಏನೋ, ಎದ್ದು ನೋಡಯ್ಯ” ಎಂದರು ಗುರುಗಳು.