ಉತ್ತರ ಕೊಡದೆ ಕೂತ ಮಾಯಿಗ

ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ನನ್ನನ್ನು ಬೈಯಬೇಡಿ. ಒಂದು ಸಿಮೆಂಟು ಕಾರ್ಖಾನೆಯ ಕಾಲೊನಿಯಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬ ತಾಯಿ, ಅವಳಿಗೆ ಮಾಯಿಗ ಅಂತ ಒಬ್ಬನೇ ಮಗ. ಮೂವತ್ತು ತುಂಬಿದ್ದರೂ ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ರೇಷನ್ ಅಂಗಡಿಯ ಸಾಲು ಬಿಟ್ಟು ಕದಲಬೇಡ ಅಂದರೆ, ಅಂಗಡಿ ಮುಚ್ಚಿ ಜನವೆಲ್ಲ ಮನೆಗೆ ಹೋದ ಮೇಲೂ ಒಬ್ಬನೇ ಸಾಲಾಗಿ ನಿಂತಿರುವವನು. ಸುಳ್ಳು ಮಾತ್ರ ಒಂದು ಸಲವೂ ಹೇಳಿದವನಲ್ಲ. ಅದಕ್ಕೆ ಬೇಕಾದ ಬುದ್ಧಿಯೂ ಅವನಿಗಿರಲಿಲ್ಲ.

ಹಸಿದರೆ ಉಣ್ಣಬೇಕು ಅನ್ನುವುದೂ ಅವನಿಗೆ ತೋಚುತ್ತಿರಲಿಲ್ಲ. ಚಿಕ್ಕತಾಯಮ್ಮ ಹೊತ್ತು ಹೊತ್ತಿಗೆ "ಉಂಡ್ಯೇನ್ ಮಗ?" ಅನ್ನಬೇಕು. ಇಲ್ಲ ಅಂದರೆ ಕೂರಿಸಿ ಬಡಿಸಬೇಕು. "ಉಂಡೆ ಕನವ್ವ" ಅಂದ ಮೇಲೇ ಅವಳು ತನ್ನ ಮುದ್ದೆ ಮುರಿಯುವುದು, ಅಲ್ಲಿಯವರೆಗೆ ಅವಳ ತಟ್ಟೆ ಹಾಗೇ ಇರುತ್ತಿತ್ತು. ತಾನು ಹೋದ ಮೇಲೆ ಇವನನ್ನು ಕೇಳುವವರು ಯಾರು ಅನ್ನುವುದೊಂದೇ ಅವಳ ಚಿಂತೆ.

ಅಪ್ಪ ಕಾರ್ಖಾನೆಯಲ್ಲೇ ಸತ್ತಿದ್ದರಿಂದ ಅನುಕಂಪದ ಮೇಲೆ ಮಾಯಿಗನಿಗೆ ಕೆಲಸ ಕೊಟ್ಟರು. ದೊಡ್ಡ ಕಂಪ್ಯೂಟರಿನ ಕೋಣೆ. ಬೀರುವಿನಷ್ಟು ಎತ್ತರದ ಯಂತ್ರಗಳು, ಅವು ಹೇಳುವುದನ್ನೆಲ್ಲ ತೋರಿಸುವ ಕನ್ಸೋಲ್ ಎಂಬ ಪರದೆ. ಅಂಥ ಪರದೆ ಕಾರ್ಖಾನೆ ತುಂಬ ಹದಿನೆಂಟು. ಮುಖ್ಯ ಕನ್ಸೋಲಿನಲ್ಲಿ ಒಂದು ಸಲ ಹೊಂದಿಸಿದರೆ ಹದಿನೆಂಟಕ್ಕೂ ಅದೇ ಕಾನೂನು. ಅದರ ಮುಂದೆ ಕೂತವನು ನಮ್ಮ ಮಾಯಿಗ. ಅವನ ಮೇಲಧಿಕಾರಿ ನರಹರಿರಾಯರು.

ಮೊದಲ ವಾರ ರಾಯರು, ಸಂದೇಶ ಬಂದಾಗಲೆಲ್ಲ ಗಂಟೆ ಹೊಡೆದು ತಲೆ ಸಿಡಿಯುತ್ತಿದೆ, ಸದ್ದು ನಿಲ್ಲಿಸು ಅಂದರು. ಮಾಯಿಗ ನಿಲ್ಲಿಸಿದ, ಹದಿನೆಂಟರಲ್ಲೂ. ರವಾನೆ ವಿಭಾಗದ ಪ್ರಿಂಟರಿನಲ್ಲಿ ಕಾಗದ ಮುಗಿಯಿತು, ಗಂಟೆ ಹೊಡೆಯಲಿಲ್ಲ, ಚೀಟಿ ಹೊರಡಲಿಲ್ಲ, ಲಾರಿಗಳು ಸಂಜೆಯವರೆಗೆ ಗೇಟಿನಲ್ಲೇ ನಿಂತವು. ರಾಯರು ಬೈದರು. ಏನು ಬಂದರೂ ಜನಕ್ಕೆ ಗೊತ್ತಾಗಬೇಕು ಕಣಯ್ಯ ಅಂದರು.

ಆಗಲಿ ಅಂತ ಮಾಯಿಗ, ಎಲ್ಲವೂ ಎಲ್ಲರಿಗೂ ಹೋಗುವ ಹಾಗೆ, ಬಂದದ್ದು ಅಲ್ಲೇ ನಿಲ್ಲುವ ಹಾಗೆ ಹೊಂದಿಸಿದ. ಮರುದಿನ ರಾಯರು ಉಗ್ರಾಣದ ಗೆಳೆಯನಿಗೆ ಗುಟ್ಟಾಗಿ, ಮೂಲವ್ಯಾಧಿಯ ಮುಲಾಮು ಸಿಕ್ಕಿತೇ ಅಂತ ಕೇಳಿದ್ದು, ಜನರಲ್ ಮ್ಯಾನೇಜರ ಕೋಣೆಯೂ ಸೇರಿ ಹದಿನೆಂಟು ಕಡೆ ಬಂದು ನಿಂತಿತು. ಇಡೀ ಕಾರ್ಖಾನೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನೀವೂ ನಗಬಹುದು, ಇದೇ ಕೊನೆಯ ಸಲ.

ರಾಯರು ಬಾಯಿಗೆ ಬಂದ ಹಾಗೆ ಬೈದರು. ಆಮೇಲೆ, ಪಾಪ, ಪಕ್ಕದಲ್ಲಿ ಕೂತು ಕಲಿಸಿದರು. "ನೋಡಯ್ಯ, ಸುಮ್ಮನೆ ತಿಳಿಸೋ ಮಾತು ನಿಲ್ಲೋದು ಬೇಡ, ಸರಿದು ಹೋಗ್ಲಿ. ಉತ್ತರ ಬೇಕು ಅನ್ನೋ ಮಾತನ್ನ ಮಾತ್ರ ನಿಲ್ಲಿಸು. ಉತ್ತರ ಕೊಡೋ ತನಕ ಅದು ಎಲ್ಲಿಗೂ ಹೋಗಲ್ಲ. ಕೊಟ್ಟ ಕೂಡ್ಲೇ ಹೋಗ್ಬಿಡುತ್ತೆ."

ಮಾಯಿಗ ಅದನ್ನು ಬಾಯಿಪಾಠ ಮಾಡಿದ. ಕೆಲಸ ಸರಿಹೋಯಿತು, ಖಾಯಂ ಕೂಡ ಆಯಿತು. ಚಿಕ್ಕತಾಯಮ್ಮ ಕಾಲೊನಿಗೆಲ್ಲ ಸಕ್ಕರೆ ಹಂಚಿದಳು.

ಹಂಚಿ ಬಂದವಳು, ಎದೆ ಹಿಡಿದುಕೊಂಡ ಹಾಗಾಗುತ್ತದೆ ಅಂದಳು. ಮಾಯಿಗ ಕೇಳಿಸಿಕೊಂಡ. ಮಾರನೆಯ ದಿನವೂ ಅಂದಳು. ಕೇಳಿಸಿಕೊಂಡ. ಮೂರನೆಯ ದಿನ ನಲ್ಲಿಯ ಹತ್ತಿರ ಬಿದ್ದಳು. ಆಸ್ಪತ್ರೆಗೆ ಓಡಿಬಂದ ರಾಯರು, ನಿಮ್ಮಮ್ಮ ನಿನಗೆ ಮೊದಲೇ ಏನೂ ಹೇಳಿರಲಿಲ್ಲವೇನೋ ಅಂತ ಗದರಿದರು.

"ತಿಳಿಸಿದ್ಲು ಸಾ. ಉತ್ರ ಬೇಕು ಅಂದಿರ್ನಿಲ್ಲ" ಅಂದ ಮಾಯಿಗ.

ರಾಯರು ಹಣೆ ಚಚ್ಚಿಕೊಂಡರು. ಅದು ಯಂತ್ರದ ಮಾತು ಕಣೋ, ಇವರು ತಾಯಿ, ಇನ್ನು ಮೇಲೆ ಇವರ ಒಂದು ಮಾತನ್ನೂ ಹೋಗಲು ಬಿಡಬೇಡ, ಹಿಡಿದಿಟ್ಟುಕೋ ಅಂದರು. ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಊಟ ಮಾಡಿಸಿದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

ಮಧ್ಯಾಹ್ನ ಚಿಕ್ಕತಾಯಮ್ಮ ಕಣ್ಣು ಬಿಟ್ಟಳು. ನರ್ಸಮ್ಮ ಗಂಜಿ ತಂದರೆ ಕೈಯಲ್ಲಿ ಸರಿಸಿ, ಮಗನ ಕಡೆ ತಿರುಗಿ "ಉಂಡ್ಯೇನ್ ಮಗ?" ಅಂದಳು.

ಮಾಯಿಗ ಉಂಡಿದ್ದ. ಆದರೂ ತುಟಿ ಬಿಗಿದು ಕೂತ. ಹೇಳಪ್ಪ, ನಿನ್ನ ಮಾತಿಗೇ ಕಾಯುತ್ತಿದ್ದಾರೆ ಅಂತ ನರ್ಸಮ್ಮ ಅಂಗಲಾಚಿದರೆ, ಅವಳನ್ನು ಬಾಗಿಲಾಚೆಗೆ ಕರೆದು ಪಿಸುಗುಟ್ಟಿದ: "ಉತ್ರ ಕೊಟ್ರೆ ಹೋಗ್ಬುಡ್ತಳೆ ಕನಕ್ಕ."

ಚಿಕ್ಕತಾಯಮ್ಮ ಇನ್ನೂ ಎರಡು ಸಲ ಕೇಳಿದಳು. ಗಂಜಿ ಕೆನೆಗಟ್ಟಿತು. ನಾಲ್ಕು ಗಂಟೆಗೆ ಅವಳು ಹಸಿದುಕೊಂಡೇ ಹೋದಳು.

ಮಣ್ಣು ಮಾಡಿದ ಮಾರನೆಯ ದಿನ ಮಾಯಿಗ ಕೆಲಸಕ್ಕೆ ಬಂದ. ಬರಬೇಡ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಬಂದವನು ತಾಯಿಯ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ, ಉತ್ತರ ಬೇಕು ಅನ್ನುವ ಸಂದೇಶವಾಗಿ ಹದಿನೆಂಟು ಪರದೆಗಳಲ್ಲೂ ನಿಲ್ಲಿಸಿದ. ಉಂಡ್ಯೇನ್ ಮಗ? ರವಾನೆಯಲ್ಲಿ ಅದೇ, ಉಗ್ರಾಣದಲ್ಲಿ ಅದೇ, ಜನರಲ್ ಮ್ಯಾನೇಜರ ಕೋಣೆಯಲ್ಲೂ ಅದೇ. ಯಾರು ಏನು ಉತ್ತರ ಒತ್ತಿದ್ದರೂ ಅಳಿಸಿಹೋಗುತ್ತಿತ್ತು. ಯಾರೂ ಒತ್ತಲಿಲ್ಲ.

ಮೂರನೆಯ ದಿನ ಹಾಲುತುಪ್ಪ. ಮಣ್ಣು ಮಾಡಿದ ಜಾಗದಲ್ಲಿ ಮುದ್ದೆ, ಸೊಪ್ಪಿನ ಸಾರು ಎಡೆ ಇಟ್ಟರು. ಕಾಗೆ ಮುಟ್ಟಿದರೆ ಸತ್ತವರು ಉಂಡ ಹಾಗೆ. ಒಂದು ಕಾಗೆ ಬಂದು ಬೇಲಿಯ ಮೇಲೆ ಕೂತಿತು, ಇಳಿಯಲಿಲ್ಲ. ಅವಳಿಗೆ ಏನೋ ಆಸೆ ಉಳಿದಿದೆ ಅಂದರು ನಂಟರು. ನಿನ್ನ ಮಗನಿಗೆ ಮದುವೆ ಮಾಡುತ್ತೇವೆ ತಾಯಿ ಅಂದರು. ಇಳಿಯಲಿಲ್ಲ. ಅವನನ್ನು ಕೈಬಿಡುವುದಿಲ್ಲ ಅಂದರು. ಆಗಲೂ ಇಳಿಯಲಿಲ್ಲ.

ಮಾಯಿಗ ತಟ್ಟೆ ನೋಡಿದ. ಅವ್ವ ಮುದ್ದೆ ಮುರಿಯದೆ ಕೂತಿದ್ದಾಳೆ. ಯಾಕೆ ಅಂತ ಅಷ್ಟು ಜನರಲ್ಲಿ ಅವನೊಬ್ಬನಿಗೇ ಗೊತ್ತು. ಅಲ್ಲೇ ನಿಂತು ಹೇಳಿದ್ದರೆ ಆಗುತ್ತಿತ್ತು. ಆ ಪೆದ್ದ, ಎಲ್ಲರೂ ಕೂಗುತ್ತಿದ್ದ ಹಾಗೇ ಎದ್ದು ಬರಿಗಾಲಲ್ಲಿ ಎರಡು ಮೈಲಿ ಕಾರ್ಖಾನೆಗೆ ಓಡಿದ. ಮುಖ್ಯ ಕನ್ಸೋಲಿನ ಮುಂದೆ ಕೂತು ಬಹಳ ಹೊತ್ತು ಆ ಪ್ರಶ್ನೆಯನ್ನೇ ನೋಡಿದ. ಆಮೇಲೆ ಉತ್ತರ ಒತ್ತಿದ.

ಉಂಡೆ ಕನವ್ವ.

ಹದಿನೆಂಟು ಪರದೆಗಳಿಂದಲೂ ಅವಳು ಒಟ್ಟಿಗೇ ಹೋದಳು.

ರಾಯರು ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟು, ನಿಜವಾಗಿಯೂ ಉಂಡೆಯೇನಯ್ಯ ಅಂತ ಕೇಳಿದರು.

"ಇಲ್ಲ ಸಾ" ಅಂದ ಮಾಯಿಗ. ಅವ್ವ ಹೋದಾಗಿನಿಂದ ಅವನನ್ನು ಯಾರೂ ಕೇಳಿರಲಿಲ್ಲ.