ಶಾಕ್ ಹೊಡೆಯದ ಕರೆಂಟು

ಶಿಷ್ಯ ಸೋಮಯ್ಯ ಕೇಳಿದ: "ಗುರುಗಳೇ, ನನ್ನ ಅಕ್ಕ ಜಗಳಗಂಟಿ. ಆದರೂ ಅವಳ ಮನೆಗೆ ಹೋಗಿಬರುವುದು ಇವತ್ತಿಗೂ ತಪ್ಪಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಎದುರು ಮಾತೂ ಆಡದ ನನ್ನ ತಮ್ಮ, ಮೊನ್ನೆ ತನ್ನ ಮಗಳ ಮದುವೆಗೆ ನನ್ನನ್ನು ಕರೆಯಲೇ ಇಲ್ಲ. ಮನಸ್ಸಿನಲ್ಲಿ ಏನಾದರೂ ಇದ್ದಿದ್ದರೆ ಒಂದು ದಿನವಾದರೂ ಹೇಳಬಾರದಿತ್ತೇ? ಸಾಧು ಸ್ವಭಾವದವರೇ ಹೀಗೆ ಕೈಬಿಡುವುದೇಕೆ?"

ಗುರುಗಳು ಕಡಲ ತೀರದಲ್ಲಿ ಹುಟ್ಟಿ ಬೆಳೆದವರು. "ಇದಕ್ಕೆ ಉತ್ತರ ಶಾಸ್ತ್ರದಲ್ಲಿ ಇಲ್ಲ, ಒಂದು ದೋಣಿಯಲ್ಲಿ ಇದೆ" ಎಂದು ಕತೆ ತೆಗೆದರು.

ಒಬ್ಬ ದೋಣಿಗಾರನಿದ್ದ. ಕಡಲಿಗೆ ಹೆದರದವನು ಮನೆಯ ಕರೆಂಟಿಗೆ ಹೆದರುತ್ತಿದ್ದ. ಒಮ್ಮೆ ಶಾಕ್ ಹೊಡೆಸಿಕೊಂಡ ಮೇಲೆ ರಬ್ಬರ್ ಚಪ್ಪಲಿ ಮೆಟ್ಟದೆ ಅವನು ಸ್ವಿಚ್ ಮುಟ್ಟಿದ್ದೇ ಇಲ್ಲ. ಮನೆಯ ಒಂದೊಂದು ಪ್ಲಗ್ಗನ್ನೂ ಹೆಣ್ಣು ನೋಡಿದ ಹಾಗೆ ನೋಡಿ ಆರಿಸಿದ್ದ.

ಅವನು ಹೊಸ ದೋಣಿ ಮಾಡಿಸಿದ. ಇಂಜಿನ್ ಒಳ್ಳೆಯದು, ಬ್ಯಾಟರಿ ಒಳ್ಳೆಯದು, ಅಡಿಯಲ್ಲಿ ಸೇರುವ ನೀರನ್ನು ಎತ್ತಿ ಹೊರಹಾಕುವ ಪಂಪೂ ಒಳ್ಳೆಯದು. ಪಂಪಿಗೂ ಬ್ಯಾಟರಿಗೂ ನಡುವೆ ಒಂದು ಪ್ಲಗ್ಗು, ಒಂದು ಸಾಕೆಟ್ಟು ಬೇಕಿತ್ತು. ದೋಣಿಗಳಿಗೆ ವೈರಿಂಗ್ ಮಾಡುವ ಮುದುಕನೊಬ್ಬ ದಪ್ಪ ಹಿತ್ತಾಳೆಯ ಜೋಡಿಯೊಂದನ್ನು ತಂದು ತೋರಿಸಿದ. ಅದು ತಿರುಪಿ ಬಿಗಿಯುವಂಥದ್ದು. ಉಪ್ಪುನೀರು ಒಳಹೋಗದಂತೆ ಅದರ ಬಾಯಿಗೆ ರಬ್ಬರಿನ ಬಳೆ ಇತ್ತು.

ದೋಣಿಗಾರ ನಕ್ಕುಬಿಟ್ಟ. "ಎಂತ ಮಾರಾಯ, ಇದು ಹನ್ನೆರಡು ವೋಲ್ಟ್ ಅಲ್ವಾ? ಬರಿಗೈಯಲ್ಲಿ ಹಿಡಿದರೂ ಜುಮ್ ಅನ್ನುವುದಿಲ್ಲ. ಇದಕ್ಕೆ ಇಷ್ಟೆಲ್ಲ ಉಪಚಾರ ಯಾಕೆ?"

"ಜುಮ್ ಅನ್ನದ್ದಕ್ಕೇ ಉಪಚಾರ ಬೇಕು" ಎಂದ ಮುದುಕ. "ಮನೆಯ ಕರೆಂಟಿಗೆ ಜೋರು ಉಂಟು, ಚೂರು ಕಿಲುಬು ಇದ್ದರೂ ನುಗ್ಗಿ ಹೋಗ್ತದೆ. ಇದು ಪಾಪದ್ದು. ಕಿಲುಬು ಅಡ್ಡ ಬಂದರೆ ಅಲ್ಲೇ ನಿಲ್ತದೆ."

ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು. ದೋಣಿಗಾರ ಮನೆಯ ಮೂಲೆಯಲ್ಲಿ ಬಿದ್ದಿದ್ದ ತೆಳು ತಗಡಿನ ಹಳೆಯ ಸಾಕೆಟ್ಟನ್ನು ಹುಡುಕಿ ತಂದು ತಾನೇ ಜೋಡಿಸಿದ.

ಅವನ ಜೊತೆ ಕಡಲಿಗೆ ಹೋಗುತ್ತಿದ್ದವನು ಅವನ ಹೆಂಡತಿಯ ತಮ್ಮ. ಅವನಿಗೆ ಮಾತು ಕಡಿಮೆ. ಒಂದು ದಿನ ಅವನು, "ಭಾವ, ಪ್ಲಗ್ಗು ಬಿಸಿ ಆಗ್ತಾ ಉಂಟು" ಎಂದ. ದೋಣಿಗಾರ ತಿರುಗಿಯೂ ನೋಡದೆ, "ಸ್ವಲ್ಪ ತಿರುಚಿ ಕೂರಿಸು" ಎಂದ. ತಿರುಚಿದರೆ ಪಂಪು ತಿರುಗುತ್ತಿತ್ತು. ಅಂದಿನಿಂದ ದಿನವೂ ತಿರುಚುವುದೇ ಅಭ್ಯಾಸವಾಯಿತು. ಭಾವಮೈದುನ ಮತ್ತೆ ಆ ಮಾತು ಎತ್ತಲಿಲ್ಲ. ಎತ್ತದಿದ್ದದ್ದರಿಂದ ಪ್ಲಗ್ಗು ಸರಿಯಾಗಿದೆ ಎಂದೇ ದೋಣಿಗಾರ ತಿಳಿದ. ಎಂಥ ಸುಖದ ತಿಳಿವಳಿಕೆ!

ಒಂದು ಮಧ್ಯಾಹ್ನ ಗಾಳಿ ಎದ್ದಿತು. ಅಲೆಯ ಹೊಡೆತಕ್ಕೆ ಹಲಗೆಯ ಸಂದು ಬಿಟ್ಟು ನೀರು ಒಳನುಗ್ಗಿತು. ಸ್ವಿಚ್ ಹಾಕಿದರೆ ಪಂಪು ಸುಮ್ಮನಿತ್ತು. ಭಾವಮೈದುನ ಕೆಳಗಿಳಿದು ಪ್ಲಗ್ಗನ್ನು ತಿರುಚಿದ. ಉಪಯೋಗವಾಗಲಿಲ್ಲ. ಎರಡೂ ಕೈಯಿಂದ ಒತ್ತಿ ಹಿಡಿದಾಗ ಮಾತ್ರ ಪಂಪು ತಿರುಗಿತು. ಕೈ ತೆಗೆದರೆ ನಿಂತಿತು. ತಂತಿಗೆ ತಂತಿ ಸುತ್ತಿ ಕಟ್ಟೋಣವೆಂದರೆ ಅಷ್ಟರಲ್ಲೇ ನೀರು ಮೊಣಕಾಲು ದಾಟುತ್ತಿತ್ತು. ದೋಣಿಗಾರ ದಡದ ಕಡೆ ದೋಣಿ ತಿರುಗಿಸಿ, "ಬಿಡಬೇಡ, ಒತ್ತಿ ಹಿಡಿ!" ಎಂದು ಕೂಗಿದ. ಕೆಳಗಿನಿಂದ ಉತ್ತರ ಬರಲಿಲ್ಲ, ಆದರೆ ಪಂಪಿನ ಸದ್ದು ಕೇಳುತ್ತಿತ್ತು. ಆ ಸದ್ದು ಇರುವ ತನಕ ದೋಣಿಗಾರನಿಗೆ ಧೈರ್ಯವಿತ್ತು.

ದಡ ಕಣ್ಣಿಗೆ ಕಾಣುವಾಗ ಸದ್ದು ನಿಂತಿತು. ದೋಣಿ ಒಂದು ಮಗ್ಗುಲಿಗೆ ವಾಲಿ ಮಗುಚಿತು. ಮೇಲಿದ್ದವನು ಈಜಿ ದಡ ಸೇರಿದ. ಕೆಳಗಿದ್ದವನು ಮರುದಿನ ಸಿಕ್ಕಿದ. ಅವನ ಎರಡೂ ಅಂಗೈ ಸುಟ್ಟು ಬೊಕ್ಕೆ ಎದ್ದಿದ್ದವು.

ದೋಣಿಗಾರ ಆ ಅಂಗೈಗಳನ್ನು ನೋಡಿ ಎದೆ ಬಡಿದುಕೊಂಡು ಅತ್ತ. "ಇಷ್ಟು ಸುಡುತ್ತಿದ್ದರೆ ಒಂದು ಸಲ ಕೂಗಬಾರದಿತ್ತಾ? ಒಂದು ಸಲ ಹೇಳಬಾರದಿತ್ತಾ?" ಎಂದ. ವೈರಿಂಗಿನ ಮುದುಕ ಅಲ್ಲೇ ನಿಂತಿದ್ದ. ಅವನು ಹೆಗಲ ಬಟ್ಟೆಯನ್ನು ತೆಗೆದು ಆ ಕೈಗಳ ಮೇಲೆ ಹೊದಿಸಿ ಹೊರಟುಹೋದ.

ಗುರುಗಳು ಕತೆ ನಿಲ್ಲಿಸಿದರು.

ಸೋಮಯ್ಯನಿಗೆ ಸಿಟ್ಟು ತಡೆಯಲಾಗಲಿಲ್ಲ. "ಆ ದೋಣಿಗಾರ ಪಾಪಿ, ಗುರುಗಳೇ. ಹೇಳಲಿಲ್ಲ ಎನ್ನಲು ಅವನಿಗೆ ನಾಲಿಗೆಯಾದರೂ ಹೇಗೆ ಹೊರಳಿತು? ಬಿಸಿಯಾಗುತ್ತಿದೆ ಎಂದು ಆ ಬಡಪಾಯಿ ಹೇಳಿರಲಿಲ್ಲವೇ?"

"ಹೇಳಿದ್ದ" ಎಂದರು ಗುರುಗಳು. "ನಿನ್ನ ತಮ್ಮ ಏನು ಹೇಳಿದ್ದ?"

ಸೋಮಯ್ಯ ಬಾಯಿ ತೆರೆದ. ಎಷ್ಟು ಯೋಚಿಸಿದರೂ ಅವನಿಗೆ ನೆನಪಾಗಲಿಲ್ಲ.