ತಪ್ಪು ನನ್ನದು ಎಂದ ಪಟ್ಟಣಸ್ವಾಮಿ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ನಮ್ಮ ಪಟ್ಟಣದ ಕಾವಲಿನಲ್ಲಿ ದೊಡ್ಡ ಲೋಪವಾಯಿತು. ಪಟ್ಟಣಸ್ವಾಮಿ ತುಂಬಿದ ಸಭೆಯಲ್ಲಿ ಎದ್ದು ನಿಂತು ತಪ್ಪೊಪ್ಪಿಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಸಭೆಯಲ್ಲಿದ್ದ ನಾನೂ ಅವನನ್ನು ಕ್ಷಮಿಸಿದೆ. ಆಳುವವನಿಂದ ಇದಕ್ಕಿಂತ ಹೆಚ್ಚಿನದನ್ನು ಕೇಳಬಹುದೇ?"

ಗುರುಗಳು ಈ ಕತೆ ಹೇಳಿದರು.

ಹೊಳೆಯ ಎರಡೂ ದಡಗಳಲ್ಲಿ ಹರಡಿಕೊಂಡ ಒಂದು ಪಟ್ಟಣವಿತ್ತು. ಚಾವಡಿ, ಅಂಗಡಿಬೀದಿ, ವೈದ್ಯರ ಮನೆ ಈ ದಡದಲ್ಲಿದ್ದವು. ದುಡಿಯುವವರ ಓಣಿಗಳು ಆ ದಡದಲ್ಲಿದ್ದವು. ಸೇತುವೆ ಇರಲಿಲ್ಲ. ಹೊಳೆ ದಾಟುವ ಕಡವಿನಲ್ಲಿ ಎರಡು ಹರಿಗೋಲುಗಳಿದ್ದವು.

ಪಟ್ಟಣವನ್ನು ನೋಡಿಕೊಳ್ಳಲು ಜನ ಮೂರು ವರ್ಷಕ್ಕೊಮ್ಮೆ ಕೈಯೆತ್ತಿ ಒಬ್ಬ ಪಟ್ಟಣಸ್ವಾಮಿಯನ್ನು ಆರಿಸುತ್ತಿದ್ದರು. ಕುಡಿಯುವ ನೀರು, ತಳವಾರರ ಕಾವಲು, ಹೊಳೆ ದಾಟಿಸುವ ಕೆಲಸ, ಇವೆಲ್ಲ ಅವನ ಹೊಣೆ. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಚಾವಡಿಯಲ್ಲಿ ಸಭೆ ಸೇರುತ್ತಿತ್ತು. ಯಾರು ಬೇಕಾದರೂ ಎದ್ದು ಅವನನ್ನು ಪ್ರಶ್ನೆ ಕೇಳಬಹುದಿತ್ತು.

ಒಂದು ಮಧ್ಯಾಹ್ನ ಆ ದಡದಲ್ಲಿ ಒಬ್ಬ ಬಳೆಗಾರನ ಹೆಂಡತಿಗೆ ಹೆರಿಗೆನೋವು ಶುರುವಾಯಿತು. ಸೂಲಗಿತ್ತಿ ಇದ್ದದ್ದು ಈ ದಡದಲ್ಲಿ. ಕಡವಿನಲ್ಲಿ ಹರಿಗೋಲು ಕಾಣದೆ ಬಳೆಗಾರ ಈಜಿಕೊಂಡು ಬಂದು ಅವಳನ್ನು ಕರೆದ. ಅವಳು ವಯಸ್ಸಾದವಳು, ಈಜು ಬಾರದು. ಇಬ್ಬರೂ ದಡದಲ್ಲಿ ನಿಂತು ಕಾದರು. ಪಟ್ಟಣಸ್ವಾಮಿಯ ಮಗಳ ಮದುವೆಗೆ ನೆಂಟರನ್ನು ಕರೆತರಲು ಎರಡೂ ಹರಿಗೋಲುಗಳು ಹೋಗಿದ್ದವು. ಕಡವಿನಲ್ಲಿ ಇರಬೇಕಾಗಿದ್ದ ತಳವಾರ ಮದುವೆಯ ಚಪ್ಪರ ಕಾಯುತ್ತಿದ್ದ. ಹರಿಗೋಲು ಬರುವಾಗ ಹೊತ್ತು ಇಳಿದಿತ್ತು. ಮಗು ಉಳಿಯಿತು. ತಾಯಿ ಉಳಿಯಲಿಲ್ಲ.

ಹುಣ್ಣಿಮೆಯ ಸಭೆಯಲ್ಲಿ ಸೂಲಗಿತ್ತಿ ಎದ್ದು ನಿಂತಳು. "ಕಡವಿನಲ್ಲಿ ಹರಿಗೋಲು ಏಕೆ ಇರಲಿಲ್ಲ? ತಳವಾರ ಏಕೆ ಇರಲಿಲ್ಲ?" ಎಂದು ಕೇಳಿದಳು.

ಸಭೆಯ ಲೆಕ್ಕಪತ್ರ ಬರೆಯುವ ಕರಣಿಕ ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದ. ಪಟ್ಟಣಸ್ವಾಮಿ ಅವನನ್ನು ತಡೆದ. ತಾನೇ ಎದ್ದು, ಮುಂಡಾಸು ತೆಗೆದು, ಬಳೆಗಾರನ ಕಡೆಗೆ ತಲೆಬಾಗಿದ.

"ತಪ್ಪು ನನ್ನದು," ಎಂದ. "ಬೇರೆ ಯಾರದೂ ಅಲ್ಲ."

ಅವನ ದನಿ ನಡುಗಿತು. ಅದು ನಟನೆಯಾಗಿರಲಿಲ್ಲ. ಸಭೆಯಲ್ಲಿ ಹಲವರು ಕಣ್ಣೊರೆಸಿಕೊಂಡರು. ಇಂಥ ಪಟ್ಟಣಸ್ವಾಮಿ ಯಾವ ಊರಿಗಿದ್ದಾನೆ ಎಂದು ಮಾತಾಡಿಕೊಳ್ಳುತ್ತ ಮನೆಗೆ ಹೋದರು. ಸೂಲಗಿತ್ತಿಯ ಮನಸ್ಸೂ ಆ ದಿನ ಕರಗಿತ್ತು.

ಮುಂದಿನ ತಿಂಗಳು ಆ ದಡದ ಓಣಿಗಳಿಗೆ ಎಂಟು ದಿನ ಕುಡಿಯುವ ನೀರು ಹೋಗಲಿಲ್ಲ. ಸಭೆಯಲ್ಲಿ ಕೇಳಿದಾಗ ಪಟ್ಟಣಸ್ವಾಮಿ ಮುಂಡಾಸು ತೆಗೆದು, ತಪ್ಪು ನನ್ನದು ಎಂದ. ಅದರ ಮುಂದಿನ ತಿಂಗಳು ಕಾವಲಿಲ್ಲದ ಒಂದು ಓಣಿಗೆ ಕಳ್ಳರು ನುಗ್ಗಿ ಒಬ್ಬ ನೇಕಾರನ ಕೈ ಮುರಿದರು. ಪಟ್ಟಣಸ್ವಾಮಿ ಮತ್ತೆ ತಲೆಬಾಗಿದ. ಜನ ಮತ್ತೆ ಕಣ್ಣೊರೆಸಿಕೊಂಡರು.

ನಾಲ್ಕನೆಯ ಸಭೆಯಲ್ಲಿ ಅವನ ಕೈ ಮುಂಡಾಸಿಗೆ ಹೋಗುವ ಮೊದಲೇ ಸೂಲಗಿತ್ತಿ ಎದ್ದಳು.

"ಸ್ವಾಮಿ, ತಪ್ಪು ನಿಮ್ಮದೆಂದು ಮೂರು ಸಲ ಹೇಳಿದಿರಿ. ನಾವು ನಂಬಿದ್ದೇವೆ. ಇನ್ನು ಅದನ್ನು ಹೇಳಬೇಡಿ. ಈ ಹೊತ್ತಿನಲ್ಲಿ ಹರಿಗೋಲುಗಳು ಎಲ್ಲಿವೆ, ಅಷ್ಟು ಹೇಳಿ."

ಪಟ್ಟಣಸ್ವಾಮಿ ಕರಣಿಕನ ಮುಖ ನೋಡಿದ. ಕರಣಿಕ ನೆಲ ನೋಡಿದ.

ಸಭೆಯಲ್ಲಿ ಗದ್ದಲವೆದ್ದಿತು. "ತಲೆಬಾಗಿದವರನ್ನು ಇನ್ನೆಷ್ಟು ಬಗ್ಗಿಸುತ್ತೀಯವ್ವಾ?" ಎಂದು ಒಬ್ಬ ಹಿರಿಯ ಗದರಿದ.

"ಅವರು ಬಗ್ಗುವುದು ನನಗೆ ಬೇಡ," ಎಂದಳು ಅವಳು. "ನಾಳೆ ಬೆಳಿಗ್ಗೆ ಕಡವಿಗೆ ಬರಲಿ. ನಾವು ಕಾಯುವಷ್ಟು ಹೊತ್ತು ಅವರೂ ಕಾಯಲಿ."

ಆ ದಿನದಿಂದ ಅಂಗಡಿಬೀದಿಯ ಹಲವು ಮನೆಗಳು ಅವಳನ್ನು ಹೆರಿಗೆಗೆ ಕರೆಯುವುದನ್ನು ಬಿಟ್ಟವು. ಅವಳು ಅದನ್ನು ಯಾರ ಮುಂದೆಯೂ ಆಡಿಕೊಳ್ಳಲಿಲ್ಲ.

ಮರುದಿನ ಪಟ್ಟಣಸ್ವಾಮಿ ಒಬ್ಬನೇ ಕಡವಿಗೆ ಬಂದ. ಹೊರೆ ಹೊತ್ತವರು, ಇರುಳ ಕೂಲಿ ಮುಗಿಸಿದವರು, ವೈದ್ಯರ ಮನೆಯಿಂದ ಮಂಚದ ಮೇಲೆ ಮರಳುತ್ತಿದ್ದ ಒಬ್ಬ ರೋಗಿ, ಎಲ್ಲರೂ ಆ ದಡಕ್ಕೆ ಹೋಗಲು ಕಾಯುತ್ತಿದ್ದರು. ಅವನೂ ಅವರ ನಡುವೆ ನಿಂತ. ಬಿಸಿಲೇರಿತು. ಹರಿಗೋಲು ಬರಲಿಲ್ಲ. ಯಾರೂ ಅವನನ್ನು ಬೈಯಲಿಲ್ಲ, ಯಾರೂ ಅವನಿಗೆ ಜಾಗ ಬಿಡಲೂ ಇಲ್ಲ.

ಬಳೆಗಾರನೂ ಅಲ್ಲಿದ್ದ. ಬೆನ್ನಿಗೆ ಬಳೆಯ ಮಲಾರ, ಎದೆಗೆ ಬಟ್ಟೆಯಲ್ಲಿ ಕಟ್ಟಿಕೊಂಡ ಮಗು. ಪಟ್ಟಣಸ್ವಾಮಿ ಅವನ ಬಳಿಗೆ ಹೋಗಿ, "ನೀನಾದರೂ ನನ್ನನ್ನು ಕ್ಷಮಿಸಿದ್ದೀಯಲ್ಲವೇ?" ಎಂದು ಮೆಲ್ಲಗೆ ಕೇಳಿದ.

ಬಳೆಗಾರ ಮಗುವಿನ ತಲೆಗೆ ಬಿಸಿಲು ಬೀಳದಂತೆ ಬಟ್ಟೆ ಎಳೆದ. "ನೀವು ತಲೆಬಾಗಿದಿರಿ. ಇಡೀ ಸಭೆ ನನ್ನ ಮುಖ ನೋಡಿತು. ನಾನು ಹೂಂ ಎನ್ನಬೇಕಾಯಿತು," ಎಂದ.

ಪಟ್ಟಣಸ್ವಾಮಿಗೆ ಅಲ್ಲಿ ನಿಲ್ಲಲಾಗಲಿಲ್ಲ; ಹೋಗಲೂ ಆಗಲಿಲ್ಲ. ಕಡವಿನ ಮೆಟ್ಟಿಲ ಮೇಲೆ ಕುಳಿತ.

ನಡುಮಧ್ಯಾಹ್ನಕ್ಕೆ ಅಂಬಿಗ ಒಂದು ಹರಿಗೋಲು ತಂದ. ಅದರ ತೊಗಲು ಹರಿದಿತ್ತು. ಒಂದು ಸಲ ದಾಟಿಸಿದರೆ ಎರಡು ಸಲ ನೀರು ಮೊಗೆದು ಚೆಲ್ಲಬೇಕಿತ್ತು. ಇನ್ನೊಂದು ಎಲ್ಲಿ ಎಂದು ಪಟ್ಟಣಸ್ವಾಮಿ ಕೇಳಿದ.

"ನಿಮ್ಮ ತೋಟದ ಮೆಟ್ಟಿಲಿಗೆ ಕಟ್ಟಿದೆ, ಬುದ್ಧೀ," ಎಂದ ಅಂಬಿಗ. "ಮದುವೆ ಮುಗಿದ ದಿನ, ನಾನು ಹೇಳುವ ತನಕ ಇದು ಇಲ್ಲೇ ಇರಲಿ ಎಂದಿದ್ದಿರಿ. ಆಮೇಲೆ ನೀವು ಹೇಳಲಿಲ್ಲ."

ಹೇಳಿದ್ದು ಪಟ್ಟಣಸ್ವಾಮಿಗೆ ನೆನಪಾಯಿತು. ಈ ಸಲ ಅವನು ಅಳಲಿಲ್ಲ. ಅಂಬಿಗನೊಡನೆ ನಡೆದು ಹೋಗಿ, ಹರಿಗೋಲನ್ನು ಬಿಚ್ಚಿ, ಕಡವಿಗೆ ತಂದ. ಮಂಚದ ಮೇಲಿದ್ದ ರೋಗಿಯನ್ನು ಏರಿಸಲು ತಾನೂ ಹೆಗಲು ಕೊಟ್ಟ. ಸಂಜೆಯೊಳಗೆ ತನ್ನ ಮನೆಯ ಮುಂದಿದ್ದ ಇಬ್ಬರು ತಳವಾರರನ್ನು ಕಡವಿಗೆ ಕಳಿಸಿದ.

ಮುಂದಿನ ಹುಣ್ಣಿಮೆಗೆ ಚಾವಡಿ ತುಂಬಿತ್ತು. ಅವನು ಮುಂಡಾಸು ತೆಗೆಯುವುದನ್ನೇ ಜನ ಕಾಯುತ್ತಿದ್ದರು. ಅವನು ತೆಗೆಯಲಿಲ್ಲ.

"ಈ ತಿಂಗಳು ಹರಿಗೋಲುಗಳು ಇಪ್ಪತ್ತಾರು ದಿನ ನಡೆದವು," ಎಂದ. "ಎರಡು ದಿನ ಹೊಳೆ ತುಂಬಿತ್ತು. ಎರಡು ದಿನ ಅಂಬಿಗನಿಗೆ ಜ್ವರ. ಬದಲಿಗೆ ಒಬ್ಬನನ್ನು ನಾನು ಗೊತ್ತುಮಾಡಿರಲಿಲ್ಲ. ಈಗ ಮಾಡಿದ್ದೇನೆ. ಆ ದಡಕ್ಕೆ ನೀರು ದಿನವೂ ಹೋಗುತ್ತಿದೆ. ಅಲ್ಲಿಗೆ ಏಳು ಮಂದಿ ತಳವಾರರು ಬೇಕು, ಐವರಿದ್ದಾರೆ."

"ಉಳಿದಿಬ್ಬರು ಎಂದು ಬರುತ್ತಾರೆ?" ಎಂದು ಸೂಲಗಿತ್ತಿ ಕೇಳಿದಳು.

"ಮುಂದಿನ ಹುಣ್ಣಿಮೆಯೊಳಗೆ. ಬಾರದಿದ್ದರೆ ಮತ್ತೆ ಕೇಳವ್ವಾ."

ಅವಳು ಪ್ರತಿ ತಿಂಗಳೂ ಕೇಳಿದಳು. ಅವನು ಪ್ರತಿ ತಿಂಗಳೂ ಹೇಳಿದ. ಕೆಲವು ಉತ್ತರಗಳು ಅವನಿಗೇ ನಾಚಿಕೆ ತರುವಂತಿದ್ದವು, ಅವನ್ನೂ ಹೇಳಿದ. ಸಭೆಗಳಲ್ಲಿ ಸದ್ದು ಕಡಿಮೆಯಾಯಿತು. ಆ ವರ್ಷ ಕಡವಿನಲ್ಲಿ ಕಾಯುತ್ತ ಯಾರೂ ಸಾಯಲಿಲ್ಲ.

ಆದರೆ ಅಂಗಡಿಬೀದಿಯ ಜನಕ್ಕೆ ಸಮಾಧಾನವಿರಲಿಲ್ಲ. ಇವನಿಗೆ ಸೊಕ್ಕು ಬಂದಿದೆ ಎಂದರು. ಮೊದಲಿನ ಮೃದುತನ ಹೋಯಿತು, ಸಂತೆಗೆ ಹೋಗುವವನು ಚೀಟಿ ಓದಿದಂತೆ ಓದುತ್ತಾನೆ ಎಂದರು. ಮೂರು ವರ್ಷ ತುಂಬಿತು. ಸಭೆ ಸೇರಿ ಕೈಯೆತ್ತುವ ದಿನ ಬಂತು. ಸಾವಿನ ಮನೆಗಳಲ್ಲಿ ಎಲ್ಲರನ್ನೂ ಅಳಿಸುವಂತೆ ಮಾತಾಡುತ್ತಿದ್ದ ಒಬ್ಬ ವರ್ತಕನನ್ನು ಜನ ಆರಿಸಿದರು. ಹಳೆಯ ಪಟ್ಟಣಸ್ವಾಮಿಗೆ ಆ ದಡದ ಓಣಿಗಳಿಂದ ಬಂದವರು ಕೈಯೆತ್ತಿದರು. ಬಳೆಗಾರನೂ ಎತ್ತಿದ. ಆ ಕೈಗಳು ಸಾಲಲಿಲ್ಲ.

ಕತೆ ಮುಗಿಯುವ ಹೊತ್ತಿಗೆ ಶಿಷ್ಯನ ಮುಖ ಕೆಂಪಾಗಿತ್ತು. "ಎಂಥ ಜನ, ಗುರುಗಳೇ! ಅಷ್ಟು ಸುಲಭವಾಗಿ ಕರಗುವವರು ಇಷ್ಟು ಕಠಿಣರಾಗುವುದು ಹೇಗೆ?" ಎಂದ.

ಗುರುಗಳು ಅವನನ್ನೇ ನೋಡುತ್ತ ಹೇಳಿದರು: "ಅವರೂ ನಿನ್ನಂತೆಯೇ ಒಳ್ಳೆಯವರಪ್ಪಾ, ಬಳೆಗಾರ ಕೊಡಬೇಕಾಗಿದ್ದ ಕ್ಷಮೆಯನ್ನು ತಾವೇ ಕೊಟ್ಟುಬಿಟ್ಟಿದ್ದರು."